ಕೆಂಪಿಯ ಊಟ

ನಡುರಾತ್ರಿ ಸರ್ವಮಂಗಳೆಗೆ ಎಚ್ಚರವಾದದ್ದು ಒಂದು ಸಣ್ಣ ಸದ್ದಿಗೆ. ಟಕ್, ಟಕ್, ಟಕ್. ಯಾರೋ ಉಗುರಿನ ತುದಿಯಲ್ಲಿ ನೆಲ ತಟ್ಟುತ್ತ ನಡೆದ ಹಾಗೆ. ಸದ್ದು ನಡುಮನೆಯನ್ನು ದಾಟಿ ಮಾವನ ಕೋಣೆಯ ಬಾಗಿಲಿಗೆ ಹೋಗಿ ನಿಂತಿತು. ಆಮೇಲೆ ಮಾವನ ದನಿ ಕೇಳಿಸಿತು.

"ಯಾಕವ್ವಾ, ನಿದ್ದೆ ಬರ್ನಿಲ್ವಾ? ಬಾ, ಇಲ್ಲೇ ಮನೀಕೋ. ಒಸಿ ಚಳಿ ಐತೆ."

ಸರ್ವಮಂಗಳ ಎದ್ದು ಕೂತಳು. ಪಕ್ಕದಲ್ಲಿ ಗಂಡ ಮರಿಸ್ವಾಮಿಯ ಗೊರಕೆ ಏರುತ್ತ ಇಳಿಯುತ್ತ ಇತ್ತು. ಇಷ್ಟು ಮೆತ್ತನೆಯ ದನಿ ಮಾವ ಗವಿಸಿದ್ದಯ್ಯನ ಗಂಟಲಿನಲ್ಲಿ ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ರಾಮನಗರದ ಈ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ. ಮಾವ ಲೋಟ ತಟ್ಟಿದರೆ ನೀರು ಬೇಕೆಂದು ಅರ್ಥ. ಕೆಮ್ಮಿದರೆ ಮಜ್ಜಿಗೆ. ತಟ್ಟೆಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಇನ್ನರ್ಧ ಮುದ್ದೆ. ಅವಳ ಹೆಸರು ಹಿಡಿದು ಕರೆದವರಲ್ಲ. ಬಂದವರ ಮುಂದೆ ಹೇಳಲೇಬೇಕಾದಾಗ "ನಮ್ಮ ಮರಿಸ್ವಾಮಿ ಹೆಂಡ್ರು" ಎನ್ನುವರು. ಅತ್ತೆ ಬಸವಲಿಂಗಮ್ಮ ತೀರಿಕೊಂಡ ಮೇಲಂತೂ ಅಷ್ಟೂ ಇರಲಿಲ್ಲ.

ಈಗ 'ಅವ್ವಾ' ಎನಿಸಿಕೊಂಡದ್ದು ಅದೇ ರಾತ್ರಿ ಒಂಬತ್ತು ಗಂಟೆಗೆ ಮನೆಗೆ ಬಂದ ಒಂದು ನಾಯಿ.

ಮರಿಸ್ವಾಮಿಯದು ರೇಷ್ಮೆಗೂಡು ಸಾಗಿಸುವ ಗಾಡಿ. ಕನಕಪುರದ ಕಡೆಯ ಹಳ್ಳಿಗಳಲ್ಲಿ ಗೂಡು ತುಂಬಿಕೊಂಡು ಬಂದು ರಾಮನಗರದ ಮಾರ್ಕೆಟ್ಟಿನಲ್ಲಿ ಇಳಿಸುವುದು ಅವನ ಕೆಲಸ. ಎರಡು ವರ್ಷದ ಹಿಂದೆ ರಸ್ತೆಯಲ್ಲಿ ಏಟು ತಿಂದು ಬಿದ್ದಿದ್ದ ನಾಯಿಯೊಂದನ್ನು ಆಸ್ಪತ್ರೆಗೆ ಹಾಕಿಕೊಂಡು ಹೋದ. ಅಲ್ಲಿನ ಡಾಕ್ಟರಮ್ಮ ಇವನ ಫೋನ್ ನಂಬರನ್ನು ಒಂದು ಗ್ರೂಪಿಗೆ ಸೇರಿಸಿದರು. ಮಾಲೀಕರು ಬಿಟ್ಟುಹೋದ ನಾಯಿ ಬೆಕ್ಕುಗಳಿಗೆ ಆ ಗ್ರೂಪಿನವರು ಹೊಸ ಮನೆ ಹುಡುಕುತ್ತಾರೆ. ತಲುಪಿಸುವುದು ಡ್ರೈವರುಗಳ ಕೆಲಸ. ಬಾಡಿಗೆ ಇಲ್ಲ, ಒಬ್ಬೊಬ್ಬರದು ಒಂದೊಂದು ತುಂಡು ದಾರಿ. ಕನಕಪುರದಿಂದ ರಾಮನಗರ ಮರಿಸ್ವಾಮಿಯದು. ಅಲ್ಲಿಂದ ಮುಂದೆ ಚನ್ನಪಟ್ಟಣದ ಬೊಂಬೆ ಅಂಗಡಿಯ ಮುಕ್ತಿಯಾರ್ ತನ್ನ ಓಮ್ನಿಯಲ್ಲಿ ಕರೆದುಕೊಂಡು ಹೋಗುತ್ತಾನೆ.

ಈ ನಾಯಿಯನ್ನು ಯಾವುದೋ ತೋಟದ ಮನೆಯವರು ಗೇಟಿನ ಆಚೆ ಕಟ್ಟಿಹಾಕಿ ಮನೆ ಖಾಲಿ ಮಾಡಿದ್ದರಂತೆ. ಕಂದು ಬಣ್ಣ, ಒಂದು ಕಿವಿ ಹರಿದಿತ್ತು. ಕಾಗದದಲ್ಲಿ ಹೆಸರು ಬ್ರೌನಿ. ಗವಿಸಿದ್ದಯ್ಯ ಒಮ್ಮೆ ನೋಡಿ, "ಕೆಂಪಿ" ಅಂದರು. ಅಲ್ಲಿಗೆ ಬ್ರೌನಿ ಮುಗಿಯಿತು.

"ಒಂದು ರಾತ್ರಿ ಅಷ್ಟೇ ಕಣೆ" ಎಂದಿದ್ದ ಮರಿಸ್ವಾಮಿ. ಬೆಳಗ್ಗೆ ಫೋನು ಬಂತು. ಕೆಂಪಿಯನ್ನು ಸಾಕಿಕೊಳ್ಳಲು ಒಪ್ಪಿದ್ದವರು ಮಾಗಡಿ ತಾಲೂಕು ಗುಡೇಮಾರನಹಳ್ಳಿಯ ಗಂಗಯ್ಯ, ರಿಟೈರಾದ ಪೋಸ್ಟ್‌ಮ್ಯಾನ್. ಅವರ ಹೆಂಡತಿಗೆ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿದೆ, ಮೂರು ವಾರ ತಡೆಯಬೇಕು.

"ಮೂರು ವಾರ!" ಮಗಳು ನೀಲಾಂಬಿಕೆ ಕುಣಿದಳು. ಅವಳು ಪಿಯುಸಿ ಎರಡನೇ ವರ್ಷ. "ತಾತಾ, ಮೂರು ವಾರ!"

"ಛತ್ರ ಇಟ್ಕೊಂಡಿದ್ದೀವಾ ನಾವು?" ಎಂದಳು ಸರ್ವಮಂಗಳ. "ರಾಗಿಹಿಟ್ಟಿನ ಡಬ್ಬದ ಮೇಲೆಲ್ಲ ಕೂದಲು. ಯಾರು ಗುಡಿಸೋರು?"

"ಇರ್ಲಿ ಬುಡು" ಅಂದರು ಗವಿಸಿದ್ದಯ್ಯ, ಮಗನ ಕಡೆ ನೋಡುತ್ತ. "ಅದೇನು ಹಾಸ್ಗೆ ಕೇಳ್ತದಾ, ಹೊದ್ಕೆ ಕೇಳ್ತದಾ?"

ಮಾರನೆಯ ದಿನ ಸರ್ವಮಂಗಳ ಮಾವನ ಕೋಣೆ ಒರೆಸಲು ಹೋದಾಗ ಕೆಂಪಿ ಅತ್ತೆಯ ಕರೀ ಕಂಬಳಿಯ ಮೇಲೆ ಮಲಗಿತ್ತು. ಅವಳು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ನಡುಮನೆಗೆ ಬಂದಳು. ಮಾವ ಮತ್ತು ಗಂಡ ಊಟಕ್ಕೆ ಕೂತಿದ್ದರು.

"ಮಾವ, ಅದು ಅತ್ತೆ ಕಂಬಳಿ."

"ಗೊತ್ತು."

"ನಂಗೆ ಟೈಫಾಯಿಡ್ ಬಂದಾಗ ನಡುಗ್ತಾ ಕೇಳಿದ್ದೆ. ಅವಳದ್ದನ್ನ ಮುಟ್ಟಬ್ಯಾಡಿ ಅಂದಿದ್ರಿ."

ಗವಿಸಿದ್ದಯ್ಯ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. "ನಿಂಗೆ ಬಾಯೈತೆ, ಕೇಳ್ತೀಯ. ತಂದ್ಕೊಡಕ್ಕೆ ಗಂಡ ಅವ್ನೆ. ಅದ್ಕೆ ಯಾರವ್ರೆ?"

"ಲೇ ಮಂಗಳಾ, ನಾಯಿ ಜೊತೇಲೂ ಪಾಲು ಕೇಳ್ತೀಯಾ?" ಮರಿಸ್ವಾಮಿ ನಕ್ಕ. ಕಾಲೇಜಿಗೆ ಹೊರಟಿದ್ದ ನೀಲಾ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, "ಅಮ್ಮಂಗೆ ಹೊಟ್ಟೆಕಿಚ್ಚು ಅಪ್ಪಾ" ಎಂದು ಕೂಗಿ ಓಡಿದಳು.

ಸರ್ವಮಂಗಳ ಸಾರಿನ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದಳು. ಇನ್ನೊಂದು ಸೌಟು ಸಾರು ಬೇಕೆಂದು ಗಂಡ ಎರಡು ಸಲ ಕೂಗಿದರೂ ಈಚೆ ಬರಲಿಲ್ಲ.

ಗವಿಸಿದ್ದಯ್ಯ ಯಾವ ಹೊತ್ತಿನಲ್ಲೂ ಲಿಂಗಪೂಜೆ ಮಾಡದೆ ಉಣ್ಣಲು ಕೂರುವವರಲ್ಲ. ಮೊದಲ ದಿನ ಅವರು ಪೂಜೆಗೆ ಕೂತಾಗ ಕೆಂಪಿ ತನ್ನ ತಟ್ಟೆಗೆ ಬಾಯಿ ಹಾಕಲು ಹೋಗಿ ಗದರಿಸಿಕೊಂಡಿತು. ಎರಡನೆಯ ದಿನ ಕತ್ತಿನ ಪಟ್ಟಿ ಹಿಡಿದು ಕೂರಿಸಿಕೊಂಡರು. ಪೂಜೆ ಮುಗಿಸಿ, ತಮ್ಮ ಹಣೆಗೆ ಇಟ್ಟುಕೊಂಡ ವಿಭೂತಿಯಲ್ಲಿ ಒಂದು ಬೊಟ್ಟು ಅದರ ಹಣೆಗೂ ಇಟ್ಟು, ಮೊಸರಲ್ಲಿ ಕಿವುಚಿದ ಮುದ್ದೆಯ ತಟ್ಟೆಯನ್ನು ಮುಂದೆ ಸರಿಸಿ, "ಶಿವಾರ್ಪಣ. ಉಣ್ಣವ್ವ" ಎಂದರು. ವಾರ ಕಳೆಯುವಷ್ಟರಲ್ಲಿ ಪಟ್ಟಿ ಹಿಡಿಯುವ ಅಗತ್ಯವೇ ಇರಲಿಲ್ಲ. ತಟ್ಟೆ ಮೂತಿಯ ಕೆಳಗೇ ಇದ್ದರೂ ಅವರ ಮಾತು ಬೀಳುವವರೆಗೆ ಅದು ಬಾಯಿ ಹಾಕುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮರಿಸ್ವಾಮಿ ಗಾಡಿಯ ಮೇಲೆ, ನೀಲಾ ಕಾಲೇಜಿನಲ್ಲಿ. ರಾತ್ರಿಯ ತಟ್ಟೆ ಮಾವನ ಕೋಣೆಯ ಒಳಗೇ. ಇದನ್ನು ಕಂಡವಳು ಸರ್ವಮಂಗಳ ಒಬ್ಬಳೇ.

ಒಂದು ದಿನ ಮಾವ ಪೆನ್ಷನ್ನಿನ ಕಾಗದಕ್ಕೆಂದು ಬ್ಯಾಂಕಿಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಸರ್ವಮಂಗಳ ಕೆಂಪಿಯ ತಟ್ಟೆ ಇಟ್ಟಳು. ಅದು ತಟ್ಟೆಯ ಮುಂದೆ ಕೂತಿತು.

"ತಿನ್ನು" ಅಂದಳು. "ತಿನ್ನೇ ಮಾರಾಯ್ತಿ. ನಿನ್ನ ಕಾಯ್ತಾ ಕೂರೋಕೆ ನಂಗೇನು ಬೇರೆ ಕೆಲಸ ಇಲ್ವಾ?"

ಕೆಂಪಿ ಅವಳ ಮುಖವನ್ನು ಒಮ್ಮೆ ನೋಡಿ ಬಾಗಿಲಿನ ಕಡೆ ತಿರುಗಿತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮಾವ ಉಣ್ಣದೆ ಸರ್ವಮಂಗಳ ಉಣ್ಣುವ ರೂಢಿ ಇಲ್ಲ. ಅಡುಗೆಮನೆಯ ಹೊಸಲಿನ ಈಚೆ ಅವಳು, ಆಚೆ ನಾಯಿ. ಹನ್ನೆರಡೂವರೆಯಿಂದ ಎರಡೂವರೆಯವರೆಗೆ ಇಬ್ಬರೂ ಹಸಿದುಕೊಂಡು ಬಾಗಿಲು ನೋಡುತ್ತ ಕೂತರು.

ಮಾವ ಬಂದರು. ಕಾಲು ತೊಳೆದು, ಪೂಜೆ ಮುಗಿಸಿ, ಕೆಂಪಿಯ ತಟ್ಟೆ ನೋಡಿದವರೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. "ಅಯ್ಯೋ ನನ್ನವ್ವ, ಹೊಟ್ಟೆ ಹಸ್ಕೊಂಡು ನನ್ನೇ ಕಾಯ್ತಾ ಕೂತಿದ್ಯಾ? ಎಂಥಾ ಜೀವ! ಶಿವಾರ್ಪಣ, ಉಣ್ಣವ್ವ, ಉಣ್ಣು." ಅದು ಉಣ್ಣುವುದನ್ನು ಕಣ್ಣು ತುಂಬ ನೋಡಿದರು. ಆಮೇಲೆ ಮಣೆಯ ಮೇಲೆ ಕೂತು ಲೋಟ ತಟ್ಟಿದರು.

ಸರ್ವಮಂಗಳ ನೀರು ತಂದಿಟ್ಟಳು.  ಎರಡು ಗಂಟೆ ಕಾದ ನಾಯಿ ಎಂಥಾ ಜೀವವಾಯಿತು. ಹತ್ತೊಂಬತ್ತು ವರ್ಷ ಕಾದವಳ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ದಿನ ಎಣಿಸತೊಡಗಿದಳು. ಕಡೆಯ ಭಾನುವಾರ ಮುಕ್ತಿಯಾರ್ ಓಮ್ನಿ ತಂದ.

"ಏನ್ಲಾ ಮುಕ್ತಿಯಾರ್, ಹತ್ತು ಗಂಟೆ ಅಂದೋನು ಹನ್ನೊಂದೂವರೆಗೆ ಬತ್ತಿದ್ದೀಯಾ?"

"ಬೆಳಿಗ್ಗೆನೇ ಒಂದು ಬೆಕ್ಕು ಇತ್ತು ಕಣ್ಲಾ ಮರಿ, ಬಿಡದಿಗೆ. ದಾರಿ ಪೂರ್ತಿ ನನ್ ತಲೆ ಮೇಲೇ ಕೂತಿತ್ತು. ಅತ್ಗೆ, ಒಂದ್ ಲೋಟ ಕಾಫಿ."

ಪ್ರತಿ ನಾಯಿಯ ಜೊತೆ ಒಂದು ಹಾಳೆ ಹೋಗಬೇಕು. ಔಷಧಿ, ಸೂಜಿ ಹಾಕಿಸಿದ ದಿನ, ಅಭ್ಯಾಸಗಳು. ನೀಲಾ ಪೆನ್ನು ಹಿಡಿದು ಕೂತಳು. "ತಾತಾ, ಊಟದ್ದು ಏನಂತ ಬರೀಲಿ?"

"ಮುದ್ದೆ, ಮೊಸ್ರು. ಎರಡೊತ್ತು."

"ಅಷ್ಟೇನಾ? ಬೇರೇನೂ ಇಲ್ವಾ?"

ಗವಿಸಿದ್ದಯ್ಯ ಕೆಂಪಿಯ ಹರಿದ ಕಿವಿಯನ್ನು ಸವರಿದರು. "ಅಷ್ಟೇಯಾ" ಎಂದರು.

ಕಾಫಿ ಲೋಟ ಹಿಡಿದು ನಿಂತಿದ್ದ ಸರ್ವಮಂಗಳೆಗೆ ಬಾಯಿ ಬಿಡಬೇಕೆನಿಸಿತು. ಹೇಳಬೇಕಾದವರೇ ಹೇಳಲಿಲ್ಲ, ನನಗೇಕೆ ಎಂದುಕೊಂಡಳು. ಅವರಿಬ್ಬರ ನಡುವಿನ ಮಾತು, ಅವರೇ ಇಟ್ಟುಕೊಳ್ಳಲಿ.

ಓಮ್ನಿ ಹೋದ ಮೇಲೆ ಅವಳು ಕಂಬಳಿ ಒಗೆದು ತಾರಸಿಯ ಮೇಲೆ ಒಣಹಾಕಿದಳು. ಮನೆಯನ್ನು ಎರಡು ಸಲ ಒರೆಸಿದಳು. ಆ ರಾತ್ರಿ ಮಾವ ಅರ್ಧ ಮುದ್ದೆಗೇ ಕೈ ತೊಳೆದರು.

ಮೂರನೆಯ ದಿನದಿಂದ ಗಂಗಯ್ಯನ ಫೋನು ಶುರುವಾಯಿತು. ಮರಿಸ್ವಾಮಿ ಸ್ಪೀಕರ್ ಹಾಕಿದ.

"ಸ್ವಾಮೇರಾ, ಇದು ಏನೂ ತಿಂತಾನೇ ಇಲ್ಲ ಕಣ್ರೀ. ಮುದ್ದೆ ಇಟ್ರೂ ಇಲ್ಲ, ಮೊಟ್ಟೆ ಇಟ್ರೂ ಇಲ್ಲ. ಕೋಳಿ ಸಾರು ಇಟ್ಟೆ, ತಪ್ಪು ತಿಳ್ಕಬ್ಯಾಡಿ. ತಟ್ಟೆ ಮುಂದೆ ಕೂತು ಜೊಲ್ಲು ಸುರಿಸ್ತದೆ, ಬಾಯ್ ಮಾತ್ರ ಹಾಕಾಕಿಲ್ಲ. ಬರೀ ನೀರು."

ಡಾಕ್ಟರಮ್ಮ ಜ್ವರವಿಲ್ಲ, ಹಲ್ಲು ನೋವಿಲ್ಲ ಅಂದರು. ಗ್ರೂಪಿನಲ್ಲಿ ಯಾರೋ, ಮೂರು ವಾರ ಇಟ್ಟುಕೊಂಡವರು ಏನು ಮಾಡಿದರೋ ಎಂದು ಬರೆದರು. ನೀಲಾ ಅದನ್ನು ಓದಿ ಹೇಳಿದಾಗ ಮರಿಸ್ವಾಮಿ ತಟ್ಟೆಯಿಂದ ಎದ್ದ.

"ಎರಡು ವರ್ಷದಿಂದ ನನ್ನ ಡೀಸೆಲ್ ಸುಟ್ಟು ಓಡಿಸ್ತಿದ್ದೀನಿ. ಈ ಮಾತು ಕೇಳಬೇಕಾ?" ಹೆಂಡತಿಯ ಕಡೆ ತಿರುಗಿದ. "ನೀನೇನಾದ್ರೂ ಹೊಡ್ದಿದ್ದೇನೆ ಅದಕ್ಕೆ?"

"ನಾನಾ?"

"ಮತ್ತೆ ಮೂರು ವಾರ ಮುಖ ಊದಿಸ್ಕೊಂಡು ಓಡಾಡಿದ್ಯಲ್ಲ."

"ಹೌದು ಕಣ್ರೀ. ಹೊಡೆದೆ, ಬಡಿದೆ, ದಿನಾ ಎರಡೊತ್ತು ಅದಕ್ಕೆ ಮುದ್ದೆ ಬೇಯಿಸಿಕೊಟ್ಟೋಳೂ ನಾನೇ. ಅದನ್ನೂ ಬರೀಲಿ ನಿಮ್ಮ ಗ್ರೂಪಲ್ಲಿ."

"ಅದು ಉಣ್ಣಾಕಿಲ್ಲ" ಎಂದರು ಗವಿಸಿದ್ದಯ್ಯ ಮೂಲೆಯಿಂದ. ಎಲ್ಲರೂ ಅವರತ್ತ ನೋಡಿದರು. "ನನ್ನ ಬುಟ್ಟು ಉಣ್ಣಾಕಿಲ್ಲ. ತಂದ್ಬುಡಿ ವಾಪಸ್ಸು."

ಅವರ ಮುಖದಲ್ಲಿ ಚಿಂತೆ ಇರಲಿಲ್ಲ. ಸರ್ವಮಂಗಳ ನೋಡಿದ್ದು ಹೆಮ್ಮೆಯನ್ನು. ನಾಯಿ ಯಾಕೆ ಉಣ್ಣುತ್ತಿಲ್ಲವೆಂದು ಅವರಿಗೆ ಗೊತ್ತು. ಗೊತ್ತಿದ್ದೂ ಕಾಯುತ್ತಿದ್ದಾರೆ.

ಐದನೆಯ ದಿನಕ್ಕೆ ಮರಿಸ್ವಾಮಿ ಸೋತ. ಭಾನುವಾರ ಮುಕ್ತಿಯಾರ್ ಹೋಗಿ ಕರೆತರುವುದೆಂದು ಮಾತಾಯಿತು. ಗವಿಸಿದ್ದಯ್ಯ ಒಗೆದಿಟ್ಟ ಕಂಬಳಿಯನ್ನು ತಾವೇ ಪೆಟ್ಟಿಗೆಯಿಂದ ತೆಗೆದು ಕೊಡವಿದರು. ನೀಲಾ ತಾತನ ಪಕ್ಕ ಕೂತು, "ಈ ಸಲ ಯಾರಿಗೂ ಕೊಡೋದು ಬೇಡ ತಾತಾ, ನಮ್ಮನೇಲೇ ಇರ್ಲಿ" ಅಂದಳು. "ಊಂ ಮತ್ತೆ" ಅಂದರು ತಾತ.

ಅಡುಗೆಮನೆಯಲ್ಲಿ ಸರ್ವಮಂಗಳ ಅಕ್ಕಿ ಆರಿಸುತ್ತ ಇದನ್ನು ಕೇಳಿಸಿಕೊಂಡಳು. ಇನ್ನೆಷ್ಟು ವರ್ಷವೋ, ದಿನಕ್ಕೆ ಎರಡು ಹೊತ್ತು ತನ್ನ ಕೈಯ ಅಡುಗೆ, ಮಾವನ ಆ ದನಿ, ಆ ನಾಯಿ. ಮೊರದಲ್ಲಿ ಒಂದೇ ಕಲ್ಲನ್ನು ಮೂರು ಸಲ ಆರಿಸಿದಳು.

ಮಾರನೆಯ ದಿನ ಶುಕ್ರವಾರ. ಗಂಡ, ಮಗಳು ಹೊರಟ ಮೇಲೆ ಮಾವನ ಊಟ ಮುಚ್ಚಿಟ್ಟು, "ಮಾವ, ಸೀರೆ ಫಾಲ್ಸ್ ತರೋಕೆ ಪೇಟೆಗೆ ಹೋಗ್ತೀನಿ. ಬರೋದು ತಡ ಆಗಬಹುದು" ಎಂದಳು. ಮಾವ ಕೆಮ್ಮಿದರು. ಮಜ್ಜಿಗೆ ಕೊಟ್ಟು ಹೊರಟಳು.

ಮಾಗಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕಿಟಕಿಯ ಪಕ್ಕ ಕೂತು, ಪಾಪದ ಪ್ರಾಣಿ, ಆರು ದಿನದ ಉಪವಾಸ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳಲ್ಲ. ಆದರೆ ಅಷ್ಟಕ್ಕೇ ಆಗಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತಿತ್ತು. ಅದು ವಾಪಸ್ಸು ಬರಬಾರದು, ಯಾಕೆಂದು ಯಾರಿಗೂ ಗೊತ್ತಾಗಲೂಬಾರದು. ಸ್ಪೀಕರ್ ಹಾಕಿದ ಆ ಫೋನಿನ ಮುಂದೆ, ಮಾವನ ಎದುರಿಗೆ, ಹೇಳುವ ಧೈರ್ಯ ಅವಳಿಗೆ ಇರಲಿಲ್ಲ.

ಗಂಗಯ್ಯನ ಮನೆ ಸುಲಭವಾಗಿ ಸಿಕ್ಕಿತು. ಹೆಂಡತಿ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಳು. ಕೆಂಪಿ ಕಂಬದ ಬುಡದಲ್ಲಿ ಬಿದ್ದುಕೊಂಡಿತ್ತು. ಪಕ್ಕೆಲುಬುಗಳು ಎದ್ದಿದ್ದವು. ಸರ್ವಮಂಗಳೆಯನ್ನು ಕಂಡು ಎದ್ದು ಬಂತು, ಸೆರಗನ್ನು ಮೂಸಿತು. ಆಮೇಲೆ ಅವಳನ್ನು ದಾಟಿ ಗೇಟಿನವರೆಗೆ ಹೋಗಿ ರಸ್ತೆಯನ್ನು ನೋಡುತ್ತ ನಿಂತಿತು.

"ಒಬ್ರೇ ಬಂದ್ರಾ? ಯಜಮಾನ್ರು?" ಎಂದರು ಗಂಗಯ್ಯ, ಅವಳು ಮರಿಸ್ವಾಮಿಯ ಹೆಂಡತಿ ಎಂದು ಹೇಳಿಕೊಂಡ ಮೇಲೆ.

"ಒಬ್ಬಳೇ. ಒಂದು ಮುದ್ದೆ ಕೊಡ್ತೀರಾ? ಮೊಸರೂ."

ತಾನೇ ಕಿವುಚಿದಳು. ತಟ್ಟೆ ಇಟ್ಟಳು. ಕೆಂಪಿ ಬಂದು ಮುಂದೆ ಕೂತಿತು. ಗಂಡ ಹೆಂಡತಿ ನೋಡುತ್ತಿದ್ದರು. 

"ಶಿವಾರ್ಪಣ. ಉಣ್ಣು."

ನಾಯಿ ಅಲುಗಲಿಲ್ಲ. ಕಿವಿ ಮಾತ್ರ ನೆಟ್ಟಗಾಯಿತು.

ಯಾವ ಮಾತು ಬಿಟ್ಟೆನೆಂದು ಅವಳಿಗೆ ಗೊತ್ತಿತ್ತು. ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ತನಗೆ ಯಾರೂ ಹೇಳದ ಮಾತನ್ನು ಇದಕ್ಕೆ ತಾನು ಹೇಳಬೇಕು. ಬಗ್ಗಿ, ಅದರ ಹಣೆಯನ್ನು ಬೆರಳಿನಿಂದ ಮುಟ್ಟಿ, ಮಾವನ ಹಾಗೆಯೇ ದನಿ ತಗ್ಗಿಸಿ, "ಶಿವಾರ್ಪಣ. ಉಣ್ಣವ್ವ" ಎಂದಳು.

ಕೆಂಪಿ ತಟ್ಟೆಗೆ ಬಾಯಿ ಹಾಕಿತು. ಉಸಿರು ತೆಗೆದುಕೊಳ್ಳದೆ ತಿಂದಿತು. ತಟ್ಟೆ ಜಗಲಿಯ ಮೇಲೆ ಜಾರುತ್ತ ಗೋಡೆಗೆ ಬಡಿಯಿತು.

"ಅಯ್ಯಯ್ಯೋ!" ಗಂಗಯ್ಯನ ಹೆಂಡತಿ ಕನ್ನಡಕದ ಕೆಳಗೆ ಸೆರಗು ಒತ್ತಿಕೊಂಡಳು. "ಇಷ್ಟೇನಾ? ಇದ್ನ ಮೊದ್ಲೇ ಹೇಳಬಾರ್ದಾಗಿತ್ತಾ ತಾಯಿ?"

ಸರ್ವಮಂಗಳ ಖಾಲಿ ತಟ್ಟೆಯನ್ನು ಎತ್ತಿಕೊಂಡಳು. ಆ ಮಾತನ್ನು ಆಕೆಗೆ ಮೂರು ಸಲ ಹೇಳಿಕೊಟ್ಟಳು. ಎರಡನೆಯ ಮುದ್ದೆಗೆ ಆಕೆ ಹೇಳಿದಳು. ಕೆಂಪಿ ಸ್ವಲ್ಪ ತಡೆದು, ಉಂಡಿತು.

"ನಾನು ಬಂದಿದ್ದು ನಮ್ಮನೇಲಿ ಹೇಳಬೇಡಿ" ಎಂದಳು ಹೊರಡುವಾಗ. "ಮಾವನಿಗೆ ಬೇಜಾರಾಗುತ್ತೆ."

"ಮೂವತ್ತು ವರ್ಸ ಟಪಾಲು ಹಂಚಿದೋನು ಕಣವ್ವ" ಎಂದರು ಗಂಗಯ್ಯ. "ಒಬ್ರ ಕಾಗ್ದ ಇನ್ನೊಬ್ರಿಗೆ ಓದಿಲ್ಲ."

ಸಂಜೆ ಫೋನು ಬಂದಾಗ ಅವಳು ರೊಟ್ಟಿ ತಟ್ಟುತ್ತಿದ್ದಳು.

"ಉಣ್ತಾ ಐತಾ?" ಮರಿಸ್ವಾಮಿಯ ದನಿ ಮನೆಯೆಲ್ಲ ತುಂಬಿತು. "ಎರಡು ಮುದ್ದೆ? ಅಪ್ಪಾ, ಕೆಂಪಿ ಉಣ್ತಂತೆ! ಮುಕ್ತಿಯಾರ್‌ಗೆ ಬರಬ್ಯಾಡ ಅಂತ ಹೇಳ್ಬುಡ್ತೀನಿ."

"ಯಾರ್ ಕೊಟ್ರಂತೆ?" ಗವಿಸಿದ್ದಯ್ಯ ಕೇಳಿದರು. "ಏನಂದು ಕೊಟ್ರಂತೆ?"

"ಏನನ್ನೋದಪ್ಪಾ, ಹಸಿವು. ಎಷ್ಟು ದಿನ ಅಂತ ತಡ್ಕೊಂಡೀತು?"

ಅವರು ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಂಬಳಿ ಮಡಿಸಿ ಪೆಟ್ಟಿಗೆಗೆ ಹಾಕಿದ ಸದ್ದು ಕೇಳಿಸಿತು. ಹೆಂಚಿನ ಮೇಲಿನ ರೊಟ್ಟಿ ಉಬ್ಬಿತು. ಸರ್ವಮಂಗಳೆಗೆ ಖುಷಿಯಾಯಿತು. ಆ ಖುಷಿಗೆ ತಾನೇ ಹೆದರಿ ರೊಟ್ಟಿಯನ್ನು ಬೇಗ ತಿರುವಿ ಹಾಕಿದಳು.

ಒಂದು ವಾರ ಮಾವ ಕೋಣೆಯಿಂದ ಹೆಚ್ಚು ಹೊರಬರಲಿಲ್ಲ. ಲೋಟವನ್ನೂ ತಟ್ಟಲಿಲ್ಲ. ಇಟ್ಟಷ್ಟು ಉಂಡು ಎದ್ದರು. ನೀಲಾ ಗಂಗಯ್ಯ ಕಳಿಸಿದ ಫೋಟೋ ತೋರಿಸಲು ಹೋದರೆ, "ತಗೊಂಡೋಗವ್ವ ಅತ್ಲಾಗೆ" ಅಂದರು.

ಅವರೆಕಾಯಿಯ ಕಾಲ. ಒಂದು ಮಧ್ಯಾಹ್ನ ಸರ್ವಮಂಗಳ ನೆನೆಹಾಕಿದ ಅವರೆಕಾಳಿನ ಬೋಸಿಯನ್ನು ಮುಂದಿಟ್ಟುಕೊಂಡು ಹಿತುಕುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ಅತ್ತೆ ಹೋದ ಮೇಲೆ ಅಡುಗೆಮನೆಯ ಹೊಸಲು ತುಳಿಯದ ಮಾವ ಒಳಗೆ ಬಂದು, ಗೋಡೆ ಹಿಡಿದು, ಅವಳ ಎದುರು ನೆಲದ ಮೇಲೆ ಕೂತರು. ಒಂದು ಹಿಡಿ ಕಾಳು ಎತ್ತಿಕೊಂಡು ಹಿತುಕತೊಡಗಿದರು. ಅವರ ಹೆಬ್ಬೆರಳಿಗೆ ಬಲವಿರಲಿಲ್ಲ. ಎರಡು ಕಾಳು ಸಿಡಿದು ಒಲೆಯ ಕೆಳಗೆ ಹೋದವು.

"ನಾನು ಮಾಡ್ತೀನಿ ಬಿಡಿ ಮಾವ."

"ಇರ್ಲಿ. ಸುಮ್ನೆ ಕೂತ್ಕಂಡು ಏನ್ಮಾಡ್ಲಿ?" ಇನ್ನೊಂದು ಕಾಳು ಹಿತುಕಿದರು. "ಆವತ್ತು ಪೇಟೆಯಿಂದ ಬಂದಾಗ ಮುಖ ಬಾಡೋಗಿತ್ತು. ಬಿಸಿಲಾಗೆ ಅಷ್ಟೊತ್ತು ಅಲೀಬ್ಯಾಡ ಮಂಗಳಾ."

ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ.

"ಸಾರು ಈಚೀಚೆಗೆ ಚೆನ್ನಾಗ್ ಮಾಡ್ತಿದ್ದೀಯ" ಅಂದರು. "ಮೊದ್ಲೂ ಚೆನ್ನಾಗೇ ಮಾಡ್ತಿದ್ದೆ." ಬೋಸಿಯಲ್ಲಿ ಬೆರಳಾಡಿಸಿದರು. ಆಮೇಲೆ ಬೇರೆಲ್ಲೋ ನೋಡುತ್ತ ಕೇಳಿದರು. "ಅಲ್ಲಾ, ಆರೇ ದಿನಕ್ಕೆ ನನ್ನ ಮರ್ತ್‌ಬುಡ್ತಾ ಅದು?"

ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಮರೆತಿಲ್ಲ ಮಾವ. ನನ್ನ ಸೆರಗು ಮೂಸಿ, ನೀವು ಹಿಂದೆ ಬರುತ್ತಿದ್ದೀರೇನೋ ಅಂತ ರಸ್ತೆ ನೋಡಿತು. ನಿಮ್ಮ ಮಾತು ಕೇಳಿದ ಮೇಲೆಯೇ ಉಂಡಿತು. ಇಷ್ಟು ಹೇಳಿದರೆ ಸಾಕು, ಆ ಮುಖ ಅರಳುತ್ತದೆ. ಅರಳಿದ ಮುಖ ಗುಡೇಮಾರನಹಳ್ಳಿಯ ಕಡೆ ತಿರುಗುತ್ತದೆ. ನಾಳೆ ಈ ಹೊಸಲು ದಾಟಿ ಯಾರೂ ಒಳಗೆ ಬರುವುದಿಲ್ಲ.

"ನಂಗೇನು ಗೊತ್ತು ಮಾವ" ಎಂದಳು.

ಮಾವ ತಲೆಯಾಡಿಸಿ ಮತ್ತೊಂದು ಹಿಡಿ ಕಾಳಿಗೆ ಕೈ ಹಾಕಿದರು. ಸರ್ವಮಂಗಳ ಬೋಸಿಯನ್ನು ಅವರ ಕೈಗೆ ಎಟಕುವಂತೆ ಹತ್ತಿರಕ್ಕೆ ಸರಿಸಿದಳು. ಗಂಡನಿಗಾಗಲಿ, ಮಗಳಿಗಾಗಲಿ, ಈ ಮುದುಕರಿಗಾಗಲಿ, ತಾನು ಬದುಕಿರುವವರೆಗೆ ಯಾರಿಗೂ ಇದನ್ನು ಹೇಳುವುದಿಲ್ಲವೆಂದು ಆಗಲೇ ತೀರ್ಮಾನ ಮಾಡಿದಳು.